ಶೆಡ್ಡಿನ ಮೂಲೆಯ ಸುಣ್ಣದ ಬಕೆಟ್

ಹೈ ಸ್ಪ್ರಿಂಗ್ಸ್, ಫ್ಲಾರಿಡಾ
ಅಕ್ಟೋಬರ್ ೧೨, ಭಾನುವಾರ

ಪ್ರೀತಿಯ ರಾಯ್ಸ್ ಅಣ್ಣಾ,

ಹೇಗಿದ್ದೀಯ? ಎಡಗಿವಿಯ ನೋವು ಕಡಿಮೆಯಾಯಿತೆ? ಮೆಕ್ಸಿಕೋದಲ್ಲಿ ಮೂರು ಹೊತ್ತೂ ಮೆಕ್ಕೆಜೋಳದ ರೊಟ್ಟಿ ತಿಂದು ದಪ್ಪಗಾಗಿದ್ದೀಯೆಂದು ಅಮ್ಮ ಫೋಟೋ ನೋಡಿ ಹೇಳಿದಳು. ಡೈವಿಂಗ್ ಸೂಟಿನ ಜಿಪ್ಪು ಏರುತ್ತದೋ ಇಲ್ಲವೋ ನೋಡಿಕೋ. ಅವಳ ಮಂಡಿ ಈಗ ಪರವಾಗಿಲ್ಲ, ಚರ್ಚಿನ ಮೆಟ್ಟಿಲು ತಾನೇ ಹತ್ತುತ್ತಾಳೆ. ಅವಳನ್ನು ಅಲ್ಲಿ ಬಿಟ್ಟು ಬಂದು, ಒಲೆಯ ಮೇಲೆ ಶೇಂಗಾ ಬೇಯಲು ಇಟ್ಟು ಕಾಗದ ಹಿಡಿದಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಗಿಸುತ್ತೀಯ, ನಾನು ನಗುತ್ತೇನೆ, ವಿಷಯ ಅಲ್ಲಿಗೇ ಮುಗಿದುಹೋಗುತ್ತದೆ.

ಅಪ್ಪ ನನ್ನ ರೀಬ್ರೀದರ್ ಮಾರುತ್ತಿದ್ದಾನೆ. ಅದೇ, ಅಮ್ಮ ಹೇಳುವ ಹಾಗೆ "ಬಿಟ್ಟ ಉಸಿರನ್ನೇ ತೊಳೆದು ಮತ್ತೆ ಕುಡಿಸೋ ಡಬ್ಬ". ಶನಿವಾರ ಜಾರ್ಜಿಯಾದಿಂದ ಒಬ್ಬ ಬಂದು ಒಯ್ಯುತ್ತಾನಂತೆ. ಮೇ ತಿಂಗಳ ಆ ದಿನದಿಂದ ಅಪ್ಪ ನನ್ನನ್ನು ನೀರಿಗೆ ಬಿಟ್ಟಿಲ್ಲ. ದಡಕ್ಕೆ ಬಂದೊಡನೆ, ತಲೆ ಒರೆಸಿಕೊಳ್ಳುವ ಮೊದಲೇ ನೀನು ಅವನಿಗೆ ಹೇಳಿದೆಯಲ್ಲ: "ಪುಟ್ಟಿ ಆಳದಲ್ಲಿ ಹೆದರಿಬಿಟ್ಲಪ್ಪ. ಪಾಪ, ಬೈಬೇಡ. ಯಾರಿಗಾದ್ರೂ ಆಗುತ್ತೆ." ಎಷ್ಟು ಮೆತ್ತಗೆ ಹೇಳಿದೆ ಎಂದರೆ ಎಲ್ಲರೂ ನಂಬಿದರು, ಎಲ್ಲರಿಗಿಂತ ಮೊದಲು ನಾನೇ ನಂಬಿದೆ. ಈಗ ನಮ್ಮ ಡೈವಿಂಗ್ ಅಂಗಡಿಗೆ ಸಿಲಿಂಡರಿಗೆ ಗಾಳಿ ತುಂಬಿಸಲು ಬರುವ ವೆಂಡೆಲ್ ಮುದುಕ ಪ್ರತಿಸಲವೂ "ಏನಮ್ಮಾ ನಡೀನ್, ಸ್ನಾನದ ತೊಟ್ಟಿಗಾದ್ರೂ ಇಳೀತೀಯೋ, ಅದಕ್ಕೂ ಯಾರಾದ್ರೂ ಕೈ ಹಿಡೀಬೇಕೋ?" ಎನ್ನುತ್ತಾನೆ. ನಾನು ಹಲ್ಲು ಕಿರಿದು ಸಿಲಿಂಡರ್ ಎತ್ತಿಕೊಡುತ್ತೇನೆ. ಹದಿನಾರನೇ ವಯಸ್ಸಿನಿಂದ ಈ ಬುಗ್ಗೆಯ ನೀರಡಿಯ ಗವಿಗಳಲ್ಲಿ ಈಜಿದವಳು ನಾನು. ಜೊತೆಗೆ ಇಳಿಯಲು ಇವತ್ತು ಒಬ್ಬರೂ ಬರುವುದಿಲ್ಲ.

ಆ ಬೆಳಿಗ್ಗೆಯನ್ನು ನೆನಪಿಸಿಕೋ. ಅಮ್ಮನನ್ನು ಮಂಡಿ ಡಾಕ್ಟರ ಹತ್ತಿರ ಕರೆದೊಯ್ದು ನಾನು ಬರುವುದು ತಡವಾಯಿತು. ಯಂತ್ರದೊಳಗೆ ಉಸಿರಿನ ವಿಷ ಹೀರುವ ಸುಣ್ಣದ ಡಬ್ಬಿಯನ್ನು ಅವರವರದು ಅವರವರೇ ತುಂಬಿಕೊಳ್ಳಬೇಕು, ಕಟ್ಟಿಕೊಂಡವರ ಕೈಗೂ ಕೊಡಬಾರದು ಎಂದು ಅಪ್ಪ ನಮಗೆ ಕಲಿಸಿದ್ದ. ನಾನು ಬರುವಷ್ಟರಲ್ಲಿ ನೀನು ನನ್ನದನ್ನೂ ತುಂಬಿ ಮುಚ್ಚಳ ಬಿಗಿದಿದ್ದೆ. "ಹೊಸ ಬಕೆಟ್ ಒಡೆದೇ ತುಂಬಿದೀನಿ ಪುಟ್ಟಿ. ಇವತ್ತೊಂದಿನ ಅಣ್ಣನ ಕೈ ನಂಬು." ನಂಬಿದೆ. ಇಳಿಯುವ ಮೊದಲಿನ ಪರೀಕ್ಷೆಗೆಂದು ವಾಡಿಕೆಯಂತೆ ಬುಗ್ಗೆಯ ಮೆಟ್ಟಿಲ ಮೇಲೆ ಎದುರುಬದುರು ಕೂತು, ಮೂಗು ಮುಚ್ಚಿಕೊಂಡು ಯಂತ್ರದಿಂದ ಉಸಿರಾಡುತ್ತಾ ಒಬ್ಬರ ಮುಖ ಒಬ್ಬರು ನೋಡಿದೆವು. ನೀನು ಕಣ್ಣು ಹೊಡೆದೆ. ದಡದಲ್ಲಿ ಕೂತವರಿಗೆ ಆ ಯಂತ್ರ ಎಲ್ಲ ಸರಿಯಿದೆಯೆಂದೇ ಹೇಳುತ್ತದೆ, ಅದರ ಬುದ್ಧಿ ಗೊತ್ತಾಗುವುದು ಕೆಳಗೆ. ಅಷ್ಟು ಆಳದಲ್ಲಿ ಗಾಳಿಯೇ ಗಂಜಿಯ ಹಾಗೆ ದಪ್ಪ. ಉಸಿರು ಎಳೆದಷ್ಟೂ ಸಾಲಲಿಲ್ಲ, ಇನ್ನಷ್ಟು ಜೋರಾಗಿ ಎಳೆದೆ, ಇನ್ನಷ್ಟು ಸಾಲದಾಯಿತು. ಬಾಯಿಕೊಳವೆ ಕಿತ್ತು, ಆಪತ್ತಿಗೆಂದು ಒಯ್ಯುವ ಬೇರೆ ಸಿಲಿಂಡರಿನದು ಕಚ್ಚಬೇಕೆಂದು ಗೊತ್ತಿತ್ತು. ಆದರೆ ಮುಂದಿನ ಉಸಿರು ಬಿಟ್ಟು ಬೇರೇನೂ ಬೇಡವಾದವರ ಬಾಯಿ ಅದನ್ನು ಬಿಡುವುದಿಲ್ಲ ಅಣ್ಣ. ಬಿಡಿಸಿದವನು ನೀನು. ಆ ಆಳದಿಂದ ನಿಂತು ನಿಂತು ಮೇಲೆ ಬರಬೇಕಾದ ಅಷ್ಟು ಗಂಟೆಯೂ ನನ್ನ ತೋಳು ಹಿಡಿದಿದ್ದವನು ನೀನು. ಆಮೇಲೆ ಎರಡು ದಿನ ತಲೆ ಸಿಡಿಯಿತು. ಹೆದರಿಕೆಗೆ ಹಾಗೆ ತಲೆ ಸಿಡಿಯುತ್ತದೆಯೇ ಎಂದು ಆಗಲೇ ಕೇಳಬೇಕಿತ್ತು. ಜೀವ ಉಳಿಸಿದವನನ್ನು ಏನೆಂದು ಕೇಳುವುದು?

ಮೊನ್ನೆ ಶೆಡ್ ಗುಡಿಸುವಾಗ ದೋಣಿಯ ಮೋಟರಿನ ಹಿಂದೆ ಒಂದು ಸುಣ್ಣದ ಬಕೆಟ್ ಸಿಕ್ಕಿತು. ಆ ದಿನಕ್ಕೆಂದೇ ನಾನು ತಂದು, ಮುಚ್ಚಳದ ಮೇಲೆ ನಮ್ಮಿಬ್ಬರ ಹೆಸರು ಬರೆದಿಟ್ಟದ್ದು. ಸೀಲು ಹಾಗೇ ಇದೆ. ಹಳೆಯ ಬಕೆಟ್ಟಿನ ತಳದಲ್ಲಿ ಉಳಿದ ಒಳ್ಳೆಯ ಸುಣ್ಣ ಒಬ್ಬರ ಡಬ್ಬಿಗೆ ಸಾಕಾಗುವಷ್ಟಿತ್ತು. ಅದು ಯಾರ ಡಬ್ಬಿಗೆ ಹೋಯಿತೆಂದು ನಾನು ಹೇಳಬೇಕಾಗಿಲ್ಲ. ನನ್ನದಕ್ಕೆ ಹೋದದ್ದು ಹಿಂದಿನ ದಿನ ಉಸಿರಾಡಿ ಮುಗಿಸಿದ್ದ ಸುಣ್ಣದ ಹರಳು. ಆ ಭಾರದ ಮೋಟರ್ ಸರಿಸಲು ನಿನಗೆ ಬೇಜಾರಾಗಿರಬೇಕು, ಅಷ್ಟೇ. ಅಷ್ಟೇ ಎಂಬುದೇ ನನ್ನ ಹೊಟ್ಟೆ ಉರಿಸುತ್ತದೆ.

ಆದರೂ ನಿನ್ನ ಪರವಾಗಿ ನಾನೇ ವಾದ ಮಾಡಿದ್ದೇನೆ. ದಣಿದ ಸುಣ್ಣ ನೇರಳೆಗೆ ತಿರುಗುತ್ತದೆ, ಬೆಳಗಾಗುವಷ್ಟರಲ್ಲಿ ಮತ್ತೆ ಬೆಳ್ಳಗಾಗಿ ಕೂತಿರುತ್ತದೆ, ಕಸುವು ಮಾತ್ರ ಬಂದಿರುವುದಿಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ ಎಂದು ಅಪ್ಪನೇ ಒಮ್ಮೆ ಏಮಾರಿ ಕಲಿತವನು. ನೀನೂ ಏಮಾರಿರಬಹುದು, ಇನ್ನೊಂದು ಸಲಕ್ಕೆ ಸಾಕೆಂದುಕೊಂಡಿರಬಹುದು, ನಾನು ನಿಜವಾಗಿ ಹೆದರಿದೆನೆಂದೇ ತಿಳಿದಿರಬಹುದು. ಹಾಗಿದ್ದರೆ ಶನಿವಾರದ ಒಳಗೆ ಅಪ್ಪನಿಗೆ ಫೋನ್ ಮಾಡಿ ನೀನೇ ಹೇಳು. ನಾನು ಹೇಳಿದರೆ ಹೇಡಿಯ ನೆಪ ಎನ್ನುತ್ತಾರೆ.

ಅಮ್ಮ ನಿನಗಾಗಿ ಇವತ್ತೂ ಪ್ರಾರ್ಥಿಸಿರುತ್ತಾಳೆ, ಅದನ್ನು ನಾನು ತಡೆಯುವುದಿಲ್ಲ. ಹುಷಾರಾಗಿರು. ಅಲ್ಲಿ ಯಾರ ಡಬ್ಬಿಯನ್ನೂ ನೀನು ತುಂಬಬೇಡ.

ನಿನ್ನ ತಂಗಿ,
ನಡೀನ್

ಮರೆತಿದ್ದೆ: ಲಕೋಟೆ ಅಂಟಿಸಲು ಹೋದವಳು ತಿರುಗಿ ಬಂದೆ. ಅವತ್ತು ಇಳಿಯುವಾಗ, ನನ್ನ ಉಸಿರು ಇನ್ನೂ ನೆಟ್ಟಗಿದ್ದಾಗಲೇ, ನೀನು ಆ ಆಪತ್ತಿನ ಸಿಲಿಂಡರಿನ ಬಾಯಿಕೊಳವೆಯನ್ನು ಕೊಕ್ಕೆಯಿಂದ ಬಿಚ್ಚಿ ಕೈಯಲ್ಲಿ ಹಿಡಿದು ನನ್ನ ಪಕ್ಕದಲ್ಲೇ ಬರುತ್ತಿದ್ದೆ. ಅಷ್ಟು ವರ್ಷ ಜೊತೆಗೆ ಇಳಿದಿದ್ದೇವೆ, ಒಂದು ದಿನವೂ ನೀನು ಹಾಗೆ ಬಂದವನಲ್ಲ. ಅಣ್ಣನಿಗೆ ನನ್ನ ಮೇಲೆ ಎಷ್ಟು ಅಕ್ಕರೆ ಎಂದುಕೊಂಡಿದ್ದೆ.