ನಲ್ಲಿಯಲ್ಲಿ ನೀರಿತ್ತೆಂದು ನಾನು ಬರೆದುಕೊಟ್ಟ ಸುಳ್ಳು

ಮಾನ್ಯ ಕುಲಪತಿಗಳೇ,

ಪ್ರಯೋಗಾಲಯದ ಶುಲ್ಕವೆಂದು ವಿದ್ಯಾರ್ಥಿಗಳಿಂದ ವಸೂಲು ಮಾಡಿದ ಹಣವನ್ನು ನೀವು ಕ್ರೀಡಾಂಗಣಕ್ಕೆ ಸುರಿದಿರಿ. ಅದಕ್ಕೆ ನನ್ನ ತಂಗಿಯ ಮಗಳು ತನ್ನ ಬಲಗಣ್ಣು ತೆತ್ತಳು. ಕ್ಷೇಮಸಮಾಚಾರ ಕೇಳುವಷ್ಟು ಸೌಜನ್ಯ ನನ್ನಲ್ಲಿ ಉಳಿದಿಲ್ಲ, ಕ್ಷಮಿಸಬೇಡಿ.

ನಾನು ಯಾರೆಂದು ನಿಮಗೆ ನೆನಪಿರಲಾರದು. ರಸಾಯನಶಾಸ್ತ್ರ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ಗಾಜಿನ ಪಾತ್ರೆ ತೊಳೆದು, ಆಮ್ಲದ ಬಾಟಲಿಗಳಿಗೆ ಚೀಟಿ ಅಂಟಿಸಿ, ಹೋದ ತಿಂಗಳು ನಿವೃತ್ತನಾದ ಸಹಾಯಕ. ಪ್ರಯೋಗಾಲಯದ ಮೂಲೆಯಲ್ಲಿ ಕಣ್ಣು ತೊಳೆಯಲೆಂದೇ ಒಂದು ನಲ್ಲಿಯಿದೆ. ಅದಕ್ಕೆ ಬರುತ್ತಿದ್ದ ಟ್ಯಾಂಕಿನ ನೀರನ್ನು ನೀವು ಮೈದಾನದ ಹೊಸ ಹುಲ್ಲಿಗೆ ತಿರುಗಿಸಿದಿರಿ. ಬೇರೆ ಟ್ಯಾಂಕ್ ಕೊಡಿ ಎಂದು ನಿಮ್ಮ ಕಚೇರಿಗೆ ಮೂರು ಸಲ ಬರೆದೆ. ಮೂರಕ್ಕೂ ಒಂದೇ ಉತ್ತರ: ಅನುದಾನ ಲಭ್ಯವಿಲ್ಲ. ಮೂರನೆಯ ಉತ್ತರ ಕೈಗೆ ಬಂದ ದಿನ ನಮ್ಮ ಕಿಟಕಿಯ ಎದುರಿಗೇ ಗಣ್ಯರ ಗ್ಯಾಲರಿಗೆ ಮೆತ್ತನೆಯ ಕುರ್ಚಿಗಳು ಲಾರಿಯಿಂದ ಇಳಿಯುತ್ತಿದ್ದವು. ಗಣ್ಯರ ಬೆನ್ನಿಗಿದ್ದ ಅನುದಾನ ಮಕ್ಕಳ ಕಣ್ಣಿಗೇಕೆ ಇರಲಿಲ್ಲ? ನಾನು ಆಟದ ವೈರಿಯಲ್ಲ. ಓಡುವ ಮಕ್ಕಳು ಕೇಳಿದ್ದು ಒಬ್ಬ ಒಳ್ಳೆಯ ತರಬೇತುದಾರನನ್ನು; ನೀವು ಕೊಟ್ಟದ್ದು ಅಮೃತಶಿಲೆಯ ಫಲಕ, ಅದರ ಮೇಲೆ ನಿಮ್ಮ ಹೆಸರು. ಇದು ಯಾರ ಕ್ರೀಡೆ, ಸ್ವಾಮೀ?

ಒಂದು ಮಧ್ಯಾಹ್ನ, ನಮ್ಮ ವಿಭಾಗದಲ್ಲೇ ಓದುತ್ತಿದ್ದ ತಂಗಿಯ ಮಗಳು ಕಾಯಿಸುತ್ತಿದ್ದ ಹಳೆಯ ಪಾತ್ರೆ ಒಡೆದು ಆಮ್ಲ ಮುಖಕ್ಕೆ ಸಿಡಿಯಿತು. ರಕ್ಷಣಾ ಕನ್ನಡಕವೇ? ಮೂವತ್ತು ಮಕ್ಕಳಿಗೆ ಇದ್ದದ್ದು ಆರು. ಅವಳನ್ನು ಆ ಮೂಲೆಗೆ ಎಳೆದೊಯ್ದು ನಲ್ಲಿ ತಿರುಗಿಸಿದೆ. ಗೊರಗೊರ ಎಂದು ಸುಮ್ಮನಾಯಿತು. “ಮಾವ, ಉರೀತಿದೆ, ಬೇಗ!” ಎಂದು ಅವಳು ಕೂಗುತ್ತಿದ್ದರೆ ನಾನು ಕುಡಿಯುವ ನೀರಿಗಾಗಿ ಕೆಳಮಹಡಿಗೆ ಓಡಿದೆ. ಬಿಂದಿಗೆ ಹೊತ್ತು ಬರುವಷ್ಟರಲ್ಲಿ ಹೊತ್ತು ಮೀರಿತ್ತು. ಕಿಟಕಿಯಾಚೆ ಹುಲ್ಲಿಗೆ ಕಾರಂಜಿಯ ಹಾಗೆ ನೀರು ಚಿಮ್ಮುತ್ತಿತ್ತು.

ಮರುವಾರ ನಿಮ್ಮ ಕುಲಸಚಿವರು ನನ್ನನ್ನು ಕರೆಸಿದರು. “ನೋಡಪ್ಪ, ಹುಡುಗಿ ಕನ್ನಡಕ ಬೇಡ ಅಂದ್ಲು, ನಲ್ಲೀಲಿ ನೀರಿತ್ತು. ಇಷ್ಟು ಬರೆದುಕೊಡು. ಇನ್ನೆಂಟು ತಿಂಗಳಲ್ಲಿ ನಿವೃತ್ತಿ, ಯಾಕೆ ಸುಮ್ನೆ ಮೈಮೇಲೆ ಎಳ್ಕೋತೀಯ?” ಅದೇ ಕೋಣೆಯಲ್ಲಿ ನೀವು ಕ್ರೀಡಾಂಗಣದ ನಕ್ಷೆ ಹರಡಿಕೊಂಡು ಕೂತಿದ್ದಿರಿ. ತಲೆ ಎತ್ತಲಿಲ್ಲ. ನಾನು ಹೆದರಿದೆ. ಸಹಿ ಹಾಕಿದೆ.

‘ವಿದ್ಯಾರ್ಥಿನಿಯ ಅಜಾಗರೂಕತೆ’ ಎಂದು ನಿಮ್ಮ ವರದಿ ಬಂತು. ಅವಳನ್ನು ಪರೀಕ್ಷೆಗೂ ಕೂರಿಸಲಿಲ್ಲ. ವರದಿಯನ್ನು ಒಂದೇ ಕಣ್ಣಿನಲ್ಲಿ ಓದಿ ಮುಗಿಸಿ ಕೇಳಿದಳು: “ಮಾವ, ಈ ಸಹಿ ನಿಮ್ದೇನಾ?” ಹೌದೆಂದೆ. ತಂಗಿ ಎದ್ದು ಬಾಗಿಲು ತೆರೆದು ಹಿಡಿದಳು. ನಾನು ಹೊರಗೆ ಬಂದೆ.

ಎಂಟು ತಿಂಗಳು ಹಲ್ಲು ಕಚ್ಚಿಕೊಂಡು ನಿಮಗೆ ನಮಸ್ಕಾರ ಹೊಡೆದೆ. ನನ್ನ ಮೂರು ಪತ್ರಗಳ ಪ್ರತಿಗಳು, ನಿಮ್ಮ ಕಚೇರಿಯ ಮೊಹರಿನ ಸಮೇತ, ನನ್ನ ಬಳಿ ಭದ್ರವಾಗಿದ್ದವು. ನಿನ್ನೆ ಅವನ್ನು ತಂಗಿ ವಿಶ್ವವಿದ್ಯಾಲಯದ ಮೇಲೆ ಹೂಡಿರುವ ಮೊಕದ್ದಮೆಯಲ್ಲಿ, ನಡೆದದ್ದನ್ನೆಲ್ಲ ಬರೆದ ಪ್ರಮಾಣಪತ್ರದ ಜೊತೆ ಸಲ್ಲಿಸಿದ್ದೇನೆ. ಅದರಲ್ಲಿ ಸುಳ್ಳುಗಾರರ ಪೈಕಿ ಮೊದಲ ಹೆಸರು ನನ್ನದೇ. ನಂತರ ಕುಲಸಚಿವರದು, ಆಮೇಲೆ ತಮ್ಮದು. ನನ್ನ ಪಿಂಚಣಿ ಹೋದರೆ ಹೋಗಲಿ. ನಾನು ಮುಳುಗುವುದಾದರೆ ನಿಮ್ಮ ಕೊರಳಪಟ್ಟಿ ಹಿಡಿದುಕೊಂಡೇ ಮುಳುಗುತ್ತೇನೆ.

ವರದಿಯನ್ನು ಹಿಂಪಡೆಯಿರಿ. ಅವಳಿಗೆ ಪರೀಕ್ಷೆ ಬರೆಯಲು ಬಿಡಿ. ಪ್ರಯೋಗಾಲಯದ ಶುಲ್ಕ ಪ್ರಯೋಗಾಲಯಕ್ಕೇ ಮರಳಲಿ. ಇಷ್ಟು ಮಾಡಿದರೂ ಸಾಕ್ಷಿ ನುಡಿಯುವುದನ್ನು ನಾನು ಬಿಡುವುದಿಲ್ಲ. ರಾಜಿಯ ಆಸೆ ಬೇಡ.

ಪ್ರಮಾಣಪತ್ರದ ಪ್ರತಿಯನ್ನು ಅವಳಿಗೆ ಕೊಟ್ಟು ಬಂದೆ. “ಇದನ್ನ ಅವತ್ತೇ ಬರೀಬೇಕಿತ್ತು, ಮಾವ” ಎಂದಳು. ಹೌದೆಂದೆ. ನಿಮ್ಮ ಉತ್ತರವನ್ನು ಕಟಕಟೆಯಲ್ಲಿ ಕೇಳಿಸಿಕೊಳ್ಳುತ್ತೇನೆ.

ಇಂತಿ,
ತಮ್ಮಷ್ಟೇ ಅಪರಾಧಿಯಾದ, ತಮಗಿಂತ ಮೊದಲು ಒಪ್ಪಿಕೊಂಡ,
ಪ್ರಯೋಗಾಲಯದ ಮಾಜಿ ಸಹಾಯಕ