ಸವಳು ನೆಲದ ಮೊದಲ ಹುಲ್ಲು

ಗುರುವಾರ, ೪ ಸೆಪ್ಟೆಂಬರ್

ನನ್ನ ಸಹಪಾಠಿ ನಿಂಗರಾಜನ ಮುಖ ಇನ್ನೂ ಕಣ್ಣ ಮುಂದಿದೆ. ಕಾಲುವೆ ನೀರು ನಿಂತು ಉಪ್ಪೇರಿ ಸವಳಾದ ನೆಲವನ್ನು ಬದುಕಿಸಲು ಕಲಿಸುವುದೇ ನಮ್ಮ ಕಾಲೇಜಿನ ಈ ಕೋರ್ಸು. ಉಪ್ಪುನೀರು ಬಸಿದುಹೋಗಲೆಂದು ಬಸಿಗಾಲುವೆ ತೋಡಿ ವರ್ಷವಾದ ಮೇಲೆ ಇವತ್ತು ನಮ್ಮ ಪ್ರಯೋಗದ ಹೊಲದಲ್ಲಿ ಮೊದಲ ಹುಲ್ಲು ಕಂಡಿತು. ಭತ್ತದ ಗದ್ದೆಯಲ್ಲಿ ಕಳೆ ಕಿತ್ತು ಪಳಗಿದ ಕೈ ನಿಂಗರಾಜನದು, ಕಂಡ ಕೂಡಲೇ ಕಿತ್ತೇಬಿಟ್ಟ. ನಾವೆಲ್ಲ ಅವನ ಮೇಲೆ ಎಗರಿದೆವು.

ಯಶೋಧರಾ ಮೇಡಂ ಮಾತ್ರ ಬೈಯಲಿಲ್ಲ. ಹುಲ್ಲನ್ನು ಅದೇ ಕುಣಿಯಲ್ಲಿಟ್ಟು ಬೆರಳಿನಿಂದ ಮಣ್ಣು ಒತ್ತಿದರು. "ಇಲ್ಲಿ ಕಳೆನೂ ಹುಟ್ತಿದ್ದಿಲ್ಲ. ಈಗ ಕೀಳಾಕರ ಒಂದು ಸಿಕ್ಕೈತಲ್ಲ," ಎಂದರು. ಅಂಥ ತಾಳ್ಮೆ ನನಗೆ ಯಾವಾಗ ಬಂದೀತೋ.

ಸಂಜೆ ನಮ್ಮೂರು ಗೊರೇಬಾಳಕ್ಕೆ ಬಂದರೆ ಅಪ್ಪ, "ಗದ್ದಿ ತುಂಬ ಕಳೆ ಎದ್ದೈತಿ," ಎಂದು ಗೊಣಗುತ್ತಿದ್ದ. ನನಗೆ ಒಳಗೊಳಗೇ ಖುಷಿಯಾಯಿತು. ನಾಳೆ ಅವನ ಜೊತೆ ಕೀಳಲು ಹೋಗಬೇಕು. ಕೈ ಏಳುತ್ತದೋ ಇಲ್ಲವೋ.