ಎಡಕ್ಕೆ ಕುಸಿದ ಕುರ್ಚಿ

ಧಾರವಾಡ,
೨೨೯೧, ಎರಡನೆಯ ಆಷಾಢದ ಮೂವತ್ತಮೂರನೆಯ ದಿನ

ಮುತ್ತಜ್ಜಿಯ ಮುತ್ತಜ್ಜಿಯಾದ ಚಂಪಕ್ಕನವರಿಗೆ ದಾಕ್ಷಾಯಣಿಯ ನಮಸ್ಕಾರಗಳು. ನಮ್ಮ ಪಂಚಾಂಗವೂ ಮಾತೂ ನಿಮಗೆ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಹಳೇ ಸಾಮಾನಿನ ಅಂಗಡಿಯಿಂದ ತಂದ ಡೆನ್ಮಾರ್ಕಿನ ಮರದ ಕುರ್ಚಿಯ ವಿಷಯ ಬರೆಯುತ್ತಿದ್ದೇನೆ. ಮುನ್ನೂರು ವರ್ಷ ದಾಟಿದರೂ ಜನಕ್ಕೆ ಅದರ ಮೋಹ ಬಿಟ್ಟಿಲ್ಲ. ಒಂದೇ ಕಟ್ಟಿಗೆ ಬಾಗಿ ಬೆನ್ನಿಗೂ ಆಗುತ್ತದೆ, ಮೊಳಕೈಗೂ ಆಗುತ್ತದೆ. ಎಲ್ಲೂ ಮೊಳೆ ಕಾಣುವುದಿಲ್ಲ. ಕೂರುವ ಜಾಗವನ್ನು ಕಾಗದದ ಹುರಿಯಿಂದ ಹೆಣೆದಿದ್ದಾರೆ. ಕಾಗದವೆಂದರೆ ಏನೆಂದು ನಮಗೆ ಗೊತ್ತಾದದ್ದೇ ಆ ಕುರ್ಚಿಯಿಂದ.

ನಿಮ್ಮ ಮುಪ್ಪಿನಲ್ಲಿ, ಹಳೆಯ ಸಾಮಾನಿನ ನಮೂನೆ ಇಳಿಸಿಕೊಳ್ಳುವ ಅಳತೆಗಾರರು ಬಂದು ಅದರ ಕೂದಲೆಳೆಯಷ್ಟೂ ಬಿಡದೆ ಅಳೆದುಕೊಂಡು ಹೋಗುತ್ತಾರೆ. ನೀವೋ ದಿನಾ ಎಡಗಾಲು ಮಡಚಿ ಮೇಲಿಟ್ಟು, ಆ ಮಗ್ಗುಲಿಗೇ ವಾಲಿ ಅವರೆಕಾಯಿ ಸುಲಿಯುವವರು. ಅಷ್ಟರಲ್ಲಿ ಹೆಣಿಗೆ ಎಡಕ್ಕೆ ಕುಳಿ ಬಿದ್ದಿರುತ್ತದೆ. ಅಚ್ಚುಮನೆಯವರು, ಅಂದರೆ ನಮ್ಮ ಕಾಲದಲ್ಲಿ ಸಾಮಾನನ್ನೆಲ್ಲ ಯಂತ್ರದಲ್ಲಿ ಎರಕ ಹೊಯ್ಯುವವರು, ಆ ಕುಳಿಯ ಸಮೇತ ಲಕ್ಷಗಟ್ಟಲೆ ಕುರ್ಚಿ ಮಾಡಿದರು. ಈಗ ಊರಿಗೆ ಊರೇ ಎಡಕ್ಕೆ ವಾಲಿ ಕೂರುತ್ತದೆ, ಸೊಂಟ ಹಿಡಿದುಕೊಂಡು ಏಳುತ್ತದೆ. ಇದನ್ನೇ ಸೊಗಸು ಅನ್ನುತ್ತಾರೆ.

ಅಸಲಿ ಕುರ್ಚಿ ನಮ್ಮ ಮನೆಯಲ್ಲೇ ಇತ್ತು. ಹಾಸಿಗೆ ಹಿಡಿದಿದ್ದ ಅಪ್ಪ, ಸಾಯುವುದರೊಳಗೆ ಒಮ್ಮೆ ಅದರಲ್ಲಿ ನೆಟ್ಟಗೆ ಕೂರಬೇಕು ಎಂದರು. ನಾನು ಹೆಣೆಯುವವಳು. ಬಾಳೆನಾರು ಹೊಸೆದು ಇಪ್ಪತ್ತು ದಿನ ಕೂತು ಕುಳಿಯಿಲ್ಲದಂತೆ ಹೊಸದಾಗಿ ಹೆಣೆದೆ. ಅಪ್ಪ ಎರಡು ದಿನ ಕೂತರು. ಆ ಎರಡು ದಿನ ಅವರು ನರಳಲಿಲ್ಲ.

ಮೂರನೆಯ ದಿನ ಅಸಲಿ ಕಚೇರಿಯವನು ವರ್ಷದ ತಪಾಸಣೆಗೆ ಬಂದ. ಹಳೆಯ ವಸ್ತುಗಳಿಗೆ ಮುದ್ರೆ ಒತ್ತುವ ಕಚೇರಿ ಅದು. ಅಳತೆಪಟ್ಟಿ ಇಟ್ಟು ನೋಡಿ, "ಇದು ಅಸಲಿ ಅಲ್ಲ ಬಿಡ್ರೀ ಅಕ್ಕಾರ. ಅಸಲಿಗೆ ಎಡಕ್ಕ ಕುಳಿ ಇರತೈತಿ" ಎಂದ. ಮುನ್ನೂರು ವರ್ಷದ ಕಟ್ಟಿಗೆಯನ್ನು ಮುಟ್ಟಿ ನೋಡಪ್ಪಾ ಎಂದೆ. ಕಟ್ಟಿಗೆ ಅವನ ಪಟ್ಟಿಯಲ್ಲಿ ಇರಲಿಲ್ಲ. ಕಚೇರಿಯವರು ಅಪ್ಪನನ್ನು ಎಬ್ಬಿಸಿ, ನಕಲಿಯೆಂದು ಕುರ್ಚಿಯನ್ನು ಸುಡಲು ಕುಲುಮೆಗೆ ಒಯ್ದರು, ಬದಲಿಗೆ ಅಚ್ಚುಮನೆಯದೊಂದನ್ನು ಇಟ್ಟು ಹೋದರು. ಅಪ್ಪ ಅದರಲ್ಲಿ ಕೂರಲಿಲ್ಲ. ಉಳಿದ ಎಂಟು ದಿನ ಗೋಡೆಗೆ ಒರಗಿ ನೆಲದ ಮೇಲೇ ಇದ್ದರು.

ನಿಮ್ಮನ್ನು ದೂರುವುದಿಲ್ಲ, ಚಂಪಕ್ಕ. ನಿಮ್ಮ ಕುರ್ಚಿ, ನಿಮ್ಮ ಕಾಲು. ಹೇಗೆ ಬೇಕೋ ಹಾಗೆ ಕೂರಿ. ಅಳತೆಗಾರರು ಬಂದ ದಿನ ಬಾಗಿಲು ಮಾತ್ರ ತೆರೆಯಬೇಡಿ.

ಈ ಪತ್ರವನ್ನು ಆ ಅಚ್ಚಿನ ಕುರ್ಚಿಯಲ್ಲೇ ಕೂತು ಬರೆದಿದ್ದೇನೆ. ಎಷ್ಟು ನೆಟ್ಟಗೆ ಕೂತರೂ ನಿಮ್ಮ ಕುಳಿಗೇ ಜಾರುತ್ತೇನೆ.

ದಾಕ್ಷಾಯಣಿ